ಸೊಂಟದ ರಿವಾಲ್ವರ್ ಯಾರ ಕಣ್ಣಿಗೂ ಬೀಳಬಾರದು

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಿಂದ ಮಾತಾಡ್ತಾ ಇದೀನಿ. ಇವತ್ತಿನ ವಿಷಯ ಹಗುರವಾದ ರಿವಾಲ್ವರ್, ಅದಕ್ಕೆ ಮರದಲ್ಲಿ ಮಾಡಿಸೋ ಹಿಡಿ, ಅದನ್ನಿಡೋ ಚರ್ಮದ ಹೋಲ್‌ಸ್ಟರ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಲೈಸೆನ್ಸ್ ಇದೆ, ಸೊಂಟದಲ್ಲಿ ಇಟ್ಕೊಂಡು ಓಡಾಡ್ತೀರ, ಸರಿ. ಆದರೆ ಅದು ಅಲ್ಲಿದೆ ಅಂತ ಪಕ್ಕದಲ್ಲಿ ಕೂತು ಕಾಫಿ ಕುಡಿಯೋರಿಗೂ ಗೊತ್ತಾಗಬಾರದು. ಗೊತ್ತಾಯ್ತು ಅಂದ್ರೆ ನೀವು ಅದನ್ನ ಸರಿಯಾಗಿ ಇಟ್ಕೊಂಡಿಲ್ಲ.

ನಮ್ಮ ಕಡೆ ರಿವಾಲ್ವರ್ ಲೈಸೆನ್ಸ್‌ಗೆ ಒಂದು ಕಾರಣ ಇತ್ತು. ರೇಷ್ಮೆ ಗೂಡಿನ ಮಾರುಕಟ್ಟೆಗೆ ರೀಲರ್‌ಗಳು, ಅಂದ್ರೆ ಗೂಡು ಕೊಂಡು ನೂಲು ತೆಗೆಯೋರು, ನೋಟಿನ ಕಟ್ಟು ಹಿಡ್ಕೊಂಡೇ ಬರಬೇಕಿತ್ತು. ಗೂಡು ಮಾರಿದ ರೈತ ಅದೇ ದುಡ್ಡು ಟವೆಲ್‌ನಲ್ಲಿ ಸುತ್ಕೊಂಡು ಕತ್ತಲಾಗೋ ಮುಂಚೆ ಊರು ಸೇರೋಕೆ ಒದ್ದಾಡ್ತಿದ್ದ. ಅಂಥ ದಿನಗಳಲ್ಲಿ ಒಬ್ಬ ವ್ಯಾಪಾರಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿದ್ರೆ ಅದರಲ್ಲಿ ನ್ಯಾಯ ಇತ್ತು. ಈಗ ಗೂಡಿನ ದುಡ್ಡು ಬ್ಯಾಂಕ್ ಖಾತೆಗೆ ಬೀಳುತ್ತೆ. ತರಕಾರಿ ಅಂಗಡಿಯಲ್ಲೂ ಫೋನ್‌ನಲ್ಲೇ ಕೊಡ್ತೀವಿ. ಕಾರಣ ಹೋಯ್ತು, ರಿವಾಲ್ವರ್ ಉಳೀತು. ಉಳಿದಿದ್ದು ಈಗ ಶರ್ಟಿನ ಮೇಲೆ ಬಂದು ಕೂತಿದೆ. ಇದು ನನಗೆ ನಿಜವಾಗಿ ಸಂಕಟ ಕೊಡೋ ವಿಷಯ.

ಮೊದಲು ತೂಕದ ಮಾತು. ಕಾನ್ಪುರದ ಆರ್ಡ್‌ನನ್ಸ್ ಕಾರ್ಖಾನೆ, ಅಂದ್ರೆ ಸರ್ಕಾರಿ ಆಯುಧ ಕಾರ್ಖಾನೆ, 2014ರಲ್ಲಿ ನಿರ್ಭೀಕ್ ಅಂತ ಒಂದು .32 ಅಳತೆಯ ಗುಂಡಿನ ರಿವಾಲ್ವರ್ ತಂತು. ಟೈಟೇನಿಯಂ ಮಿಶ್ರಲೋಹದ್ದು, ಆರು ಗುಂಡು, ಸುಮಾರು 500 ಗ್ರಾಂ. ಹೆಣ್ಣುಮಕ್ಕಳ ಕೈಚೀಲದಲ್ಲಿ ಹಿಡಿಸಲಿ ಅಂತ ಮಾಡಿದ್ದು. ಆಮೇಲೆ 2023ರಲ್ಲಿ ಪ್ರಬಲ್ ಬಂತು, ಅದು 675 ಗ್ರಾಂ, ಗುಂಡು ತುಂಬೋ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತೆ. ಹಗುರ ಇದ್ದಷ್ಟೂ ಒಳ್ಳೇದು ಅಂತ ಕೊಳ್ಳೋರು ಅಂದ್ಕೋತಾರೆ. ಇಡೀ ದಿನ ಸೊಂಟಕ್ಕೆ ಕಟ್ಕೊಂಡಿರೋಕೆ ಹೌದು. ಹಾರಿಸೋಕೆ ಅಲ್ಲ. ಗುಂಡು ಅದೇ, ಅದರ ಬಲ ಅದೇ, ಆದರೆ ಆ ಹೊಡೆತ ತಡ್ಕೊಳ್ಳೋ ತೂಕ ಆಯುಧದಲ್ಲಿ ಕಮ್ಮಿ ಆದಷ್ಟೂ ಅದು ನಿಮ್ಮ ಕೈಗೆ ಒದೆಯುತ್ತೆ. ಜೊತೆಗೆ ನಳಿಗೆ ಗಿಡ್ಡ, ಹಾಗಾಗಿ ಗುರಿ ಇಡೋವಾಗ ಸ್ವಲ್ಪ ಆಚೀಚೆ ಆದ್ರೂ ಗುಂಡು ಎಲ್ಲೋ ಹೋಗುತ್ತೆ. ಟ್ರಿಗರ್ ಗಟ್ಟಿ. ವರ್ಷಕ್ಕೆ ಇಷ್ಟೇ ಗುಂಡು ಅಂತ ಲೈಸೆನ್ಸ್‌ನಲ್ಲೇ ಬರೆದಿರ್ತಾರೆ, ಅಭ್ಯಾಸ ಮಾಡೋಕೂ ಹೆಚ್ಚು ಸಿಗಲ್ಲ. ಅಂದ್ರೆ ಹಗುರ ರಿವಾಲ್ವರ್ ಪಳಗಿದ ಕೈಗೆ ಮಾತ್ರ ಒಗ್ಗುತ್ತೆ. ಹೊಸಬರಿಗೆ ಅದು ಸುಲಭ ಅಂತ ಮಾರೋದು ತಪ್ಪು.

ಮರದ ಹಿಡಿ ಬೆಲೆ ಬಾಳೋದು ಇಲ್ಲೇ. ಚಪ್ಪಲಿ ಹೊಲಿಸೋಕೆ ಕಾಲಿನ ಅಳತೆ ಕೊಟ್ಟ ಹಾಗೆ ಹಿಡಿಗೆ ಕೈಯ ಅಳತೆ ಬೇಕು. ಹಿಡಿ ತುಂಬಾ ದಪ್ಪ ಆದ್ರೆ ತೋರುಬೆರಳು ಟ್ರಿಗರ್‌ಗೆ ಸರಿಯಾಗಿ ತಾಗಲ್ಲ, ಎಳೆಯುವಾಗ ಆಯುಧವೇ ಪಕ್ಕಕ್ಕೆ ತಿರುಗುತ್ತೆ. ತುಂಬಾ ಸಣ್ಣ ಆದ್ರೆ ಟ್ರಿಗರ್ ಸುತ್ತಲಿನ ಲೋಹದ ಬಳೆ ಹಿಂದಕ್ಕೆ ಬಂದು ನಡುಬೆರಳಿನ ಗೆಣ್ಣಿಗೆ ಬಡಿಯುತ್ತೆ. ಒಳ್ಳೆ ಬಡಗಿ ಆ ಬಳೆಯ ಹಿಂದಿನ ಸಂದಿಯನ್ನ ಮರದಿಂದ ತುಂಬ್ತಾನೆ, ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸ ಕೂರೋ ಜಾಗ ಎತ್ತರ ಇಡ್ತಾನೆ. ಬೀಟೆ ಮರ ಚೆನ್ನಾಗಿರುತ್ತೆ, ನಯವಾಗಿ ಕೂರುತ್ತೆ. ನನಗೆ ಇಷ್ಟ ನಮ್ಮ ಕಡೆಯ ಹುಣಸೆ ಚೇಗು, ಅಂದ್ರೆ ಮರದ ಒಳಗಿನ ಗಟ್ಟಿ ತಿರುಳು. ಕಪ್ಪುಗೆಂಪು ಬಣ್ಣ, ಉಳಿ ಮೊಂಡಾಗೋ ಅಷ್ಟು ಗಟ್ಟಿ. ಮೇಲೆ ಹೊಳಪಿನ ವಾರ್ನಿಷ್ ಬೇಡ, ಬೆವರಿದ ಕೈಯಲ್ಲಿ ಜಾರುತ್ತೆ. ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒಣಗಿಸಿ ಮತ್ತೆ ಹಚ್ಚಿದ್ರೆ ಮರ ಕೈಗೆ ಮರದ ಹಾಗೇ ಸಿಗುತ್ತೆ. ಒಂದು ಎಚ್ಚರಿಕೆ ಮಾತ್ರ. ರಿವಾಲ್ವರ್ ತಗೊಂಡು ಹೋಗಿ ಬಡಗಿ ಕೈಗೆ ಕೊಟ್ಟು ಬರಬೇಡಿ. ಲೈಸೆನ್ಸ್ ಇಲ್ಲದವರ ಕೈಗೆ ಆಯುಧ ಒಪ್ಪಿಸೋದು ಅಪರಾಧ. ಲೈಸೆನ್ಸ್ ಇರೋ ಗನ್ ಅಂಗಡಿಯವರ ಹತ್ರ ಕೇಳಿ, ಹಳೇ ಹಿಡಿ ಅವರೇ ಬಿಚ್ಚಿಕೊಡಲಿ, ಬಡಗಿ ಹತ್ರ ಆ ಮರದ ತುಂಡು ಮಾತ್ರ ಹೋಗಲಿ, ಹೊಸದನ್ನ ಕೂರಿಸೋದೂ ಅಂಗಡಿಯವರ ಕೈಲೇ ಆಗಲಿ.

ಈಗ ಹೋಲ್‌ಸ್ಟರ್. ನಮ್ಮ ಬಯಲು ಸೀಮೆ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುತ್ತಲ್ಲ ತಂಗಡಿ, ಅದರ ತೊಗಟೆಯಿಂದ ಚರ್ಮ ಹದ ಮಾಡೋದು ಹಳೇ ಕಸುಬು. ಹಾಗೆ ತೊಗಟೆಯಲ್ಲಿ ಹದ ಮಾಡಿದ ದಪ್ಪ ಚರ್ಮ ನೀರಲ್ಲಿ ನೆನೆದಾಗ ಮೆತ್ತಗಾಗುತ್ತೆ, ಅಚ್ಚಿನ ಮೇಲೆ ಒತ್ತಿ ಒಣಗಿಸಿದ್ರೆ ಅದೇ ಆಕಾರದಲ್ಲಿ ಗಟ್ಟಿ ನಿಲ್ಲುತ್ತೆ. ಹೋಲ್‌ಸ್ಟರ್‌ಗೆ ಬೇಕಿರೋದೇ ಅದು. ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಹೆಬ್ಬೆರಳಲ್ಲಿ ಬಿಚ್ಚೋ ಒತ್ತುಗುಂಡಿಯ ಪಟ್ಟಿ ಇರಬೇಕು. ಆಯುಧ ತೆಗೆದ ಮೇಲೂ ಬಾಯಿ ಮುಚ್ಚಿಕೊಳ್ಳದೆ ತೆರೆದೇ ನಿಲ್ಲಬೇಕು. ಹಳತಾಗಿ ಜೋತುಬಿದ್ದ ಚರ್ಮದ ಅಂಚು ಮಡಚ್ಕೊಂಡು, ಆಯುಧ ವಾಪಸ್ ಇಡೋವಾಗ ಟ್ರಿಗರ್ ಮೇಲೆ ಸಿಕ್ಕಿಹಾಕ್ಕೊಂಡ್ರೆ ಗುಂಡು ನಿಮ್ಮ ತೊಡೆಗೇ ಹಾರುತ್ತೆ. ಪಂಚೆ ಮೇಲೆ ಕಟ್ಟೋ ಜೇಬಿನ ಬೆಲ್ಟಿಗೆ ಸಿಕ್ಕಿಸ್ಕೊಳ್ಳೋ ಹಿರಿಯರನ್ನ ನೋಡಿದೀನಿ. ಕೈಮುಗಿದು ಕೇಳ್ಕೋತೀನಿ, ಹಾಗೆ ಮಾಡಬೇಡಿ. ಆ ಬೆಲ್ಟು ಮೆತ್ತಗೆ, ಭಾರ ಬಿದ್ದ ಕಡೆ ವಾಲುತ್ತೆ, ಬಗ್ಗಿದಾಗ ಎಲ್ಲಾ ಜಾರಿ ಹೊರಗೆ ಬರುತ್ತೆ. ರಾತ್ರಿ ಮನೆಗೆ ಬಂದ ಮೇಲೆ ಹೋಲ್‌ಸ್ಟರ್‌ನಲ್ಲೇ ಬಿಟ್ಟು ಬೀರುವಿಗೆ ಹಾಕೋದೂ ಬೇಡ. ಚರ್ಮ ಬೆವರು ಕುಡಿದಿರುತ್ತೆ, ಲೋಹಕ್ಕೆ ತುಕ್ಕು ಹಿಡಿಯುತ್ತೆ, ಗುಂಡಿನ ಹಿತ್ತಾಳೆ ಹಸಿರು ಕಟ್ಟುತ್ತೆ. ಗುಂಡು ತೆಗೀರಿ, ಒರೆಸಿ, ಆಯುಧ ಒಂದು ಕಡೆ ಗುಂಡು ಇನ್ನೊಂದು ಕಡೆ ಬೀಗ ಹಾಕಿಡಿ. ಮನೇಲಿ ಮಕ್ಕಳಿದ್ದಾರೆ.

ಹೋಲ್‌ಸ್ಟರ್ ಮೇಲೆ ಹೂಬಳ್ಳಿ ಕೆತ್ತಿಸ್ತಾರೆ, ಹೆಸರು ಬರೆಸ್ತಾರೆ. ಕೆತ್ತಿಸಿ, ಆ ಕಸುಬಿನವರಿಗೆ ನಾಲ್ಕು ಕಾಸು ಸಿಗಲಿ. ಆದರೆ ಅದನ್ನ ಶರ್ಟಿನ ಹೊರಗೆ ಬಿಟ್ಕೊಂಡು ಬಸ್ ಸ್ಟ್ಯಾಂಡ್‌ನಲ್ಲಿ ನಿಲ್ಲಬೇಡಿ. ಇದು ನನ್ನೊಬ್ಬನ ಮಾತಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳೇ ಹೇಳುತ್ವೆ: ಸಾರ್ವಜನಿಕ ಜಾಗದಲ್ಲಿ ಒಯ್ಯೋ ಆಯುಧ ಹೋಲ್‌ಸ್ಟರ್ ಅಥವಾ ಅಂಥದ್ದೇ ಚೀಲದಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು, ಜನರ ಮುಂದೆ ಝಳಪಿಸೋ ಹಾಗೇ ಇಲ್ಲ. ಹೊರಗೆ ಕಾಣಿಸ್ತಾ ಇರೋ ಆಯುಧ ಕಳ್ಳನಿಗೆ ಎಲ್ಲಿ ಕೈ ಹಾಕಬೇಕು ಅಂತ ತೋರಿಸಿಕೊಡುತ್ತೆ. ಗಲಾಟೆ ಆದಾಗ ಎದುರಿನವರ ಕಣ್ಣು ಮೊದಲು ಹೋಗೋದು ಅಲ್ಲಿಗೇ. ಸುಮ್ನೆ ನಿಂತಿರೋ ಹೆಂಗಸರು, ಮಕ್ಕಳು ಹೆದರ್ತಾರೆ. ಅವರನ್ನ ಹೆದರಿಸೋ ಹಕ್ಕು ಯಾವ ಲೈಸೆನ್ಸೂ ಕೊಟ್ಟಿಲ್ಲ.

ಮದುವೆ ಸೀಸನ್ ಬರ್ತಾ ಇದೆ, ಅದಕ್ಕೇ ಈ ವಿಡಿಯೋ ಈಗ ಮಾಡಿದ್ದು. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಮದುವೆ, ಜಾತ್ರೆ, ಮೆರವಣಿಗೆ ಸಂಭ್ರಮಕ್ಕೆ ಅಂತ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದ್ರೆ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಮೇಲಕ್ಕೆ ಹಾರಿಸಿದ ಗುಂಡು ಕೆಳಗೆ ಬಂದೇ ಬರುತ್ತೆ, ಶಾಮಿಯಾನದ ಬಟ್ಟೆ ಅದನ್ನ ತಡೆಯಲ್ಲ. ಛತ್ರಕ್ಕೆ ಹೊರಡೋ ದಿನ ರಿವಾಲ್ವರ್ ಮನೇಲೇ ಬೀಗದಲ್ಲಿ ಇಟ್ಟು ಹೋಗಿ. ಯಾರಾದ್ರೂ ತಂದು ಊಟದ ಸಾಲಿನಲ್ಲಿ ತೆಗೆದು ತೋರಿಸ್ತಾ ಇದ್ರೆ, ಸಂಬಂಧಿಕರು ಅಂತ ಸುಮ್ಮನಿರಬೇಡಿ. "ಅಣ್ಣಾ, ಒಳಗಿಡಿ" ಅನ್ನಿ. ಕೇಳಲಿಲ್ಲ ಅಂದ್ರೆ 112ಕ್ಕೆ ಫೋನ್ ಮಾಡಿ.