ದೋಣಿ ಯಾಕೆ ಬೀಳುತ್ತದೆ?

ಕೇಳುಗರಿಗೆ ನಮಸ್ಕಾರ.

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಬಿಡದಿಯ ವಂಡರ್‌ಲಾಕ್ಕೋ ಮೈಸೂರಿನ ಜಿಆರ್‌ಎಸ್ ಪಾರ್ಕಿಗೋ ಕರೆದುಕೊಂಡು ಹೋದವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಮಗಳು ಅಳಿಯ ಅಮೆರಿಕದಲ್ಲಿದ್ದಾರೆ ಅಂತ ಹೋಗಿ, ಫ್ಲಾರಿಡಾದ ಡಿಸ್ನಿ ವರ್ಲ್ಡ್ ನೋಡಿ ಬಂದವರೂ ಇದ್ದೀರಿ. ಅಲ್ಲಿನ ಅಭಿಮಾನಿಗಳ ನಡುವೆ ವರ್ಷಗಳಿಂದ ಒಂದು ಜಗಳ ನಡೆಯುತ್ತಿದೆ. ಮೂವತ್ತು ನಲವತ್ತು ವರ್ಷ ಓಡಿದ ಹಳೆಯ ರೈಡನ್ನು ಮುಚ್ಚಿ, ಅದರ ಮೇಲೆ ಒಂದು ಸಿನಿಮಾದ ಕಥೆ ಹೊದಿಸಿ ಮತ್ತೆ ತೆರೆಯುತ್ತಾರಲ್ಲ, ಅದು ಸರಿಯೇ ಅನ್ನುವ ಜಗಳ. ಅಪ್ಪ ಅಮ್ಮ ಕೂತ ದೋಣಿಯಲ್ಲೇ ನಾವೂ ಕೂರಬೇಕು, ಹಳೆಯದನ್ನು ಮುಟ್ಟಬೇಡಿ ಅಂತ ಒಂದು ಗುಂಪು. ಇಂದಿನ ಮಕ್ಕಳಿಗೆ ಪರಿಚಯವಿರುವ ಪಾತ್ರಗಳು ಬಂದರೆ ತಪ್ಪೇನು ಅಂತ ಇನ್ನೊಂದು ಗುಂಪು.

ಇಬ್ಬರೂ ಒಂದು ಪ್ರಶ್ನೆಯನ್ನು ಬಿಟ್ಟುಬಿಡುತ್ತಾರೆ. ಇವತ್ತು ನಾನು ಹೇಳಬೇಕಾದ್ದೂ ಅದೊಂದೇ: ದೋಣಿ ಯಾಕೆ ಬೀಳುತ್ತದೆ?

ಮೊದಲು ನೀರಿನ ರೈಡ್ ಹೇಗೆ ನಡೆಯುತ್ತದೆ ಅಂತ ನೋಡೋಣ. ಕಾಂಕ್ರೀಟಿನ ಒಂದು ಉದ್ದನೆಯ ಕಾಲುವೆ. ದೊಡ್ಡ ಪಂಪುಗಳು ನೀರನ್ನು ಮೇಲಕ್ಕೆ ಎತ್ತುತ್ತವೆ. ಅಲ್ಲಿಂದ ಸಣ್ಣ ಇಳುಕಲಿನಲ್ಲಿ ನೀರು ಹರಿಯುತ್ತದೆ, ದೋಣಿ ಅದರ ಜೊತೆ ತೇಲಿಕೊಂಡು ಹೋಗುತ್ತದೆ. ನೀರಿನ ಮಟ್ಟ ತಗ್ಗಿದರೆ ದೋಣಿಯ ತಳ ಉಜ್ಜಿ ನಿಧಾನವಾಗುತ್ತದೆ. ಮುಂದಿನ ದೋಣಿ ನಿಂತರೆ ಹಿಂದಿನವನ್ನೂ ಅಲ್ಲಲ್ಲಿ ತಡೆದು ನಿಲ್ಲಿಸಬೇಕು. ಏರುವ ಕಡೆ ಬೆಲ್ಟ್ ಎಳೆದುಕೊಳ್ಳುತ್ತದೆ. ದೊಡ್ಡ ಇಳಿಜಾರಿನಲ್ಲಿ ದೋಣಿ ತೇಲುವುದಿಲ್ಲ, ಗಾಲಿಯ ಮೇಲೆ ಇಳಿಯುತ್ತದೆ. ಕೆಳಗೆ ನೀರು ಎರಚುತ್ತದಲ್ಲ, ನೀವು ಕಿರುಚುತ್ತೀರಲ್ಲ, ಆ ನೀರೇ ಬ್ರೇಕು. ದೋಣಿಯ ವೇಗವನ್ನು ನೀರು ತಿಂದುಹಾಕುತ್ತದೆ.

ಈಗ ಒಂದು ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ರೈಡಿಗೆ ಹೊಸ ಕಥೆ ಹೊದಿಸುವಾಗ ಈ ಕಾಲುವೆಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಡೆದು ಕಟ್ಟಲು ಹೋದರೆ ಹೊಸ ರೈಡಿನಷ್ಟೇ ಖರ್ಚು. ತೇರು ಹಳೆಯದು, ಗಾಲಿ ಹಳೆಯದು, ಎಳೆಯುವ ಬೀದಿಯೂ ಹಳೆಯದು, ಒಳಗೆ ಕೂರಿಸುವ ಉತ್ಸವಮೂರ್ತಿ ಮಾತ್ರ ಬೇರೆ. ತಿರುವು ಎಲ್ಲಿತ್ತೋ ಅಲ್ಲೇ ಇರುತ್ತದೆ, ಬೀಳುವ ಜಾಗ ಎಲ್ಲಿತ್ತೋ ಅಲ್ಲೇ ಇರುತ್ತದೆ. ಆದ್ದರಿಂದ ಹೊಸ ಕಥೆ ಆ ಹಳೆಯ ಇಳಿಜಾರಿಗೆ ಒಂದು ಕಾರಣ ಹುಡುಕಿಕೊಳ್ಳಲೇಬೇಕು. ದೋಣಿ ಯಾಕೆ ಬೀಳುತ್ತದೆ? ಉತ್ತರ ಇದ್ದರೆ ಹೊಸ ರೈಡ್ ಗೆದ್ದಿತು, ಇಲ್ಲದಿದ್ದರೆ ಎಷ್ಟು ಬಣ್ಣ ಬಳಿದರೂ ಅಷ್ಟೆ.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಸ್ಪ್ಲಾಶ್ ಮೌಂಟನ್ ಅನ್ನುವ ಡಿಸ್ನಿಯ ನೀರಿನ ರೈಡ್. ಅದರ ಹುಟ್ಟನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಇಡೀ ಜಗಳ ಅದರೊಳಗೇ ಅಡಗಿದೆ.

1983ರಲ್ಲಿ ಟೋನಿ ಬ್ಯಾಕ್ಸ್ಟರ್ ಅನ್ನುವ ಡಿಸ್ನಿಯ ವಿನ್ಯಾಸಕಾರ ಕ್ಯಾಲಿಫೋರ್ನಿಯಾದಲ್ಲಿ ಕಾರಿನಲ್ಲಿ ಕೆಲಸಕ್ಕೆ ಹೊರಟಿದ್ದವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಅವರ ತಲೆಯಲ್ಲಿ ಮೂರು ತಾಪತ್ರಯಗಳಿದ್ದವು. ಅಲ್ಲಿನ ಡಿಸ್ನಿಲ್ಯಾಂಡ್ ಪಾರ್ಕಿಗೆ ಮರದ ದಿಮ್ಮಿಯ ಆಕಾರದ ದೋಣಿಗಳಲ್ಲಿ ನೀರಿಗೆ ಧುಮುಕುವ ರೈಡ್ ಬೇಕು ಅನ್ನುವ ಒತ್ತಾಯ ಒಂದು. ಪಾರ್ಕಿನ ಮೂಲೆಯಲ್ಲಿದ್ದ ಬೇರ್ ಕಂಟ್ರಿ ಅನ್ನುವ ಭಾಗಕ್ಕೆ ಜನ ಹೋಗುತ್ತಲೇ ಇರಲಿಲ್ಲ, ಅದೊಂದು. ಇನ್ನೊಂದು, ಅಮೆರಿಕ ಸಿಂಗ್ಸ್ ಅಂತ 1974ರಿಂದ ನಡೆಯುತ್ತಿದ್ದ ಪ್ರದರ್ಶನ. ಯಂತ್ರದ ಪ್ರಾಣಿಗೊಂಬೆಗಳು ಹಾಡುತ್ತಿದ್ದವು, ನೋಡುವವರು ಕಡಿಮೆಯಾಗಿದ್ದರು. ನೂರಕ್ಕೂ ಹೆಚ್ಚು ಗೊಂಬೆಗಳು. ತಲೆ ಆಡಿಸುವ, ಬಾಯಿ ತೆರೆಯುವ ಅಂಥ ಒಂದು ಗೊಂಬೆಯನ್ನು ಮಾಡುವುದು ಬಹಳ ದುಬಾರಿ ಕೆಲಸ. ಅವನ್ನು ಎಸೆಯುವುದಕ್ಕೆ ಮನಸ್ಸು ಯಾರಿಗೆ ಬರುತ್ತದೆ?

ಬ್ಯಾಕ್ಸ್ಟರ್ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದರು. ಹಾಡುವ ಪ್ರಾಣಿಗಳಿವೆ. ಪ್ರಾಣಿಗಳ ಕಥೆ ಬೇಕು. ಕೊನೆಯಲ್ಲಿ ಎತ್ತರದಿಂದ ಬೀಳುವ ಕಥೆಯೇ ಆಗಬೇಕು. ಡಿಸ್ನಿ 1946ರಲ್ಲಿ ತೆಗೆದ ಒಂದು ಚಿತ್ರದಲ್ಲಿ ಬ್ರೇರ್ ರ‍್ಯಾಬಿಟ್ ಅನ್ನುವ ಮೊಲದ ಕಥೆ ಇತ್ತು. ನಮ್ಮ ಪಂಚತಂತ್ರದ ಮೊಲ ಸಿಂಹವನ್ನು ಬಾವಿಗೆ ಬೀಳಿಸಿತಲ್ಲ, ಇದೂ ಅಷ್ಟೇ ಚತುರ. ನರಿಯ ಕೈಗೆ ಸಿಕ್ಕಿಬಿದ್ದ ಮೊಲ ಬೇಡಿಕೊಳ್ಳುತ್ತದೆ: ಸುಟ್ಟು ತಿನ್ನು, ನೇಣಿಗೆ ಹಾಕು, ಏನು ಬೇಕಾದರೂ ಮಾಡು, ಆ ಮುಳ್ಳುಪೊದೆಗೆ ಮಾತ್ರ ಎಸೆಯಬೇಡ! ನರಿ ಹಟಕ್ಕೆ ಬಿದ್ದು ಅಲ್ಲಿಗೇ ಎಸೆಯುತ್ತದೆ. ಮೊಲ ಹುಟ್ಟಿ ಬೆಳೆದದ್ದೇ ಮುಳ್ಳುಪೊದೆಯಲ್ಲಿ. ನಗುತ್ತಾ ಮನೆಗೆ ಹೋಗುತ್ತದೆ.

ನೋಡಿ, ದೋಣಿ ಯಾಕೆ ಬೀಳುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ಪಾರ್ಕಿನಲ್ಲೂ ಇಲ್ಲ. ಬೆಲ್ಟಿನ ಮೇಲೆ ನೀವು ಏರುತ್ತಿದ್ದೀರಿ. ತಲೆಯ ಮೇಲೆ ಎರಡು ರಣಹದ್ದು ಕೂತು ನಿಮ್ಮನ್ನು ಅಣಕಿಸುತ್ತವೆ. ಪಕ್ಕದಲ್ಲಿ ಮೊಲವನ್ನು ಕಟ್ಟಿಹಾಕಿದ್ದಾರೆ. ತುದಿಯಲ್ಲಿ ಬೆಳಕು ಕಾಣುತ್ತದೆ, ಕೆಳಗೆ ಮುಳ್ಳುಪೊದೆ. ಸುಮಾರು 50 ಅಡಿ ಬೀಳುತ್ತೀರಿ. ಮೊಲವನ್ನು ಎಸೆದರು, ನೀವೇ ಮೊಲ! ಬಿದ್ದದ್ದೇ ಬಿಡುಗಡೆ. ದೋಣಿ ಮತ್ತೆ ಒಳಗೆ ತಿರುಗಿದರೆ ಅಲ್ಲಿ ಎಲ್ಲ ಪ್ರಾಣಿಗಳೂ ಹಾಡುತ್ತಾ ನಿಂತಿವೆ, ಮೊಲ ಮನೆಗೆ ಬಂತು ಅಂತ. ಭಯವಾಗಿದ್ದು, ಬಿದ್ದದ್ದು, ಸಂತೋಷವಾಗಿದ್ದು ಎಲ್ಲವೂ ಒಂದೇ ಕಥೆ. ವಿನ್ಯಾಸ ಕಲಿಯುವವರಿಗೆ ಇದೊಂದು ಪಾಠ ಸಾಕು.

1989ರ ಜುಲೈ 17ರಂದು ಅದು ಡಿಸ್ನಿಲ್ಯಾಂಡಿನಲ್ಲಿ ತೆರೆಯಿತು. ಆಗ ಡಿಸ್ನಿಯ ಮುಖ್ಯಸ್ಥರಾಗಿದ್ದ ಮೈಕೆಲ್ ಐಸ್ನರ್, ರೈಡಿನ ಹೆಸರಿನಲ್ಲಿ ಸ್ಪ್ಲಾಶ್ ಅನ್ನುವ ಪದ ಇರಲಿ ಅಂದರು. 1984ರಲ್ಲಿ ಅವರ ಕಂಪನಿಯದೇ ಆ ಹೆಸರಿನ ಚಿತ್ರ ಬಂದಿತ್ತು. ಹಳೆಯ ಗೊಂಬೆಗಳಲ್ಲಿ ಎರಡು ಹೆಬ್ಬಾತುಗಳು ಸ್ಪ್ಲಾಶ್ ಮೌಂಟನ್ನಿಗೆ ಬರಲಿಲ್ಲ. ಅವುಗಳ ಗರಿ ಚರ್ಮ ಬಿಚ್ಚಿ, ಒಳಗಿನ ಯಂತ್ರವನ್ನೇ ತೋರಿಸಿ, ಸ್ಟಾರ್ ಟೂರ್ಸ್ ಅನ್ನುವ ಇನ್ನೊಂದು ರೈಡಿಗೆ ಜನ ಕಾಯುವ ಸಾಲಿನಲ್ಲಿ ಮಾತಾಡುವ ರೋಬೋಟುಗಳನ್ನಾಗಿ ಮಾಡಿದ್ದರು. ಗೊಂಬೆಗೂ ಮರುಜನ್ಮ ಇದೆ.

ಈಗ ಜಗಳಕ್ಕೆ ಬರೋಣ. 'ಹಳೆಯ ರೈಡನ್ನು ಸಿನಿಮಾ ನುಂಗಿತು' ಅಂತ ಅಭಿಮಾನಿಗಳು ದುಃಖಪಡುವುದನ್ನು ಕೇಳುತ್ತೇವೆ. ಸ್ಪ್ಲಾಶ್ ಮೌಂಟನ್ ಸಿನಿಮಾದಿಂದಲೇ ಹುಟ್ಟಿದ್ದು. ದಯವಿಟ್ಟು ಇದನ್ನು ಮರೆಯಬೇಡಿ. ಅದೂ ಎಂಥ ಸಿನಿಮಾ? ಗುಲಾಮಗಿರಿ ಮುಗಿದ ಕಾಲದ ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳ ತೋಟದ ಬದುಕನ್ನು ಹಿತವಾಗಿ, ಹಾಡಿ ಕುಣಿಯುವ ಹಾಗೆ ತೋರಿಸಿದ ಸಿನಿಮಾ. ಬಿಡುಗಡೆಯಾದಾಗಲೇ ಕಪ್ಪು ಜನರ ಸಂಘಟನೆಗಳು ಆಕ್ಷೇಪಿಸಿದ್ದವು. ಡಿಸ್ನಿ ಅದನ್ನು ಅಮೆರಿಕದಲ್ಲಿ ಒಮ್ಮೆಯೂ ವಿಡಿಯೊ ಕ್ಯಾಸೆಟ್ಟಿನಲ್ಲಿ, ಡಿವಿಡಿಯಲ್ಲಿ ತರಲಿಲ್ಲ. ರೈಡಿನಲ್ಲೂ ಕಥೆ ಹೇಳುವ ಅಜ್ಜನ ಪಾತ್ರವನ್ನು ಬಿಟ್ಟರು, ಟಾರಿನ ಗೊಂಬೆಯ ಬದಲು ಜೇನಿನ ಹುಟ್ಟಿಗೆ ಮೊಲವನ್ನು ಸಿಕ್ಕಿಸಿದರು. ಅಂದರೆ ಕಟ್ಟುವಾಗಲೇ ತೊಡಕು ಅವರಿಗೆ ಗೊತ್ತಿತ್ತು.

2020ರ ಜೂನಿನಲ್ಲಿ ಡಿಸ್ನಿ ಘೋಷಿಸಿತು: ಈ ಜಾಗಕ್ಕೆ ಟಿಯಾನಾ ಬರುತ್ತಾಳೆ. 2009ರ ಚಿತ್ರದ ನಾಯಕಿ, ನ್ಯೂ ಓರ್ಲಿಯನ್ಸಿನ ಹುಡುಗಿ, ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ. ಬೇಕು ಅನ್ನುವ ಅರ್ಜಿಗೂ ಬೇಡ ಅನ್ನುವ ಅರ್ಜಿಗೂ ಸಾವಿರಾರು ಜನ ಸಹಿ ಹಾಕಿದರು. ಸ್ಪ್ಲಾಶ್ ಮೌಂಟನ್ ಫ್ಲಾರಿಡಾದ ಡಿಸ್ನಿ ವರ್ಲ್ಡಿನಲ್ಲೂ ಇತ್ತು. ಅಲ್ಲಿ ಹಳೆಯ ರೈಡ್ ಕೊನೆಯ ಸಲ ಓಡಿದ್ದು 2023ರ ಜನವರಿ 22ರಂದು. ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಆ ಕಾಲುವೆಯ ನೀರು ಅಂತ ಹೇಳಿ ಜಾಡಿಗಳನ್ನು ಆನ್‌ಲೈನಿನಲ್ಲಿ ಮಾರಾಟಕ್ಕೂ ಇಟ್ಟರು. ಅಷ್ಟು ಪ್ರೀತಿ. ಅದನ್ನು ನಾವು ಹಗುರವಾಗಿ ನೋಡಬಾರದು.

ಹೊಸ ರೈಡ್ ಅಲ್ಲಿ ತೆರೆದದ್ದು 2024ರ ಜೂನ್ 28ರಂದು, ಕ್ಯಾಲಿಫೋರ್ನಿಯಾದಲ್ಲಿ ಅದೇ ವರ್ಷದ ನವೆಂಬರ್ 15ರಂದು. ಕಾಲುವೆ ಅದೇ, ಇಳಿಜಾರು ಅದೇ. ಗೊಂಬೆಗಳು ಅದ್ಭುತ. ಟಿಯಾನಾಳ ಮುಖ, ತೋಳು, ಬೆರಳಿನ ಚಲನೆ ಹಳೆಯ ಗೊಂಬೆಗಳಿಗಿಂತ ಎಷ್ಟೋ ನಯ. ಸಂಗೀತವೂ ಚೆನ್ನಾಗಿದೆ. ಆದರೆ ನಮ್ಮ ಪ್ರಶ್ನೆ? ದೋಣಿ ಯಾಕೆ ಬೀಳುತ್ತದೆ? ಹಬ್ಬದ ಔತಣಕ್ಕೆ ವಾದ್ಯಗಾರರು ಬೇಕು, ಹುಡುಕಿಕೊಂಡು ಜೌಗುನಾಡಿಗೆ ಹೋಗುತ್ತೇವೆ. ಮಾಮಾ ಓಡಿ ಅನ್ನುವ ಮಂತ್ರವಾದಿ ಅಜ್ಜಿ ನಮ್ಮನ್ನು ಕಪ್ಪೆಯಷ್ಟು ಚಿಕ್ಕದು ಮಾಡುತ್ತಾಳೆ, ಮತ್ತೆ ದೊಡ್ಡದು ಮಾಡಿ ಔತಣಕ್ಕೆ ಕಳಿಸುತ್ತಾಳೆ. ಆಗ ಬೀಳುತ್ತೇವೆ.

ಅಟ್ಟುವವರಿಲ್ಲ, ಅಪಾಯವಿಲ್ಲ. ಚಿತ್ರದಲ್ಲಿದ್ದ ಮಾಟಗಾರ ಡಾಕ್ಟರ್ ಫೆಸಿಲಿಯೇ ರೈಡಿನಲ್ಲಿ ಇಲ್ಲವೇ ಇಲ್ಲ. ಏರುವಾಗ ಎದೆ ಡವಗುಟ್ಟಲು ಕಾರಣವೇ ಇಲ್ಲ. 50 ಅಡಿ ಬೀಳಿಸುವುದಕ್ಕೆ 'ಔತಣಕ್ಕೆ ಹೊತ್ತಾಯಿತು' ಅನ್ನುವುದು ಸಾಕಾಗುವ ಉತ್ತರವಲ್ಲ. ಟಿಯಾನಾ ಬಂದದ್ದು ಸರಿ. ಅವಳಿಗೆ ಒಬ್ಬ ಎದುರಾಳಿಯನ್ನು ಕೊಡದೆ ಹೋದದ್ದು ತಪ್ಪು. ಈ ಎರಡನ್ನೂ ಬೇರೆ ಬೇರೆ ಇಟ್ಟು ಮಾತಾಡಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ಸ್ಪ್ಲಾಶ್ ಮೌಂಟನ್ನೇ ಬಹಳ ಹೊತ್ತು ತೆಗೆದುಕೊಂಡಿತು. ಉಳಿದವನ್ನು ಬೇಗ ಹೇಳುತ್ತೇನೆ.

ಫ್ಲಾರಿಡಾದ ಡಿಸ್ನಿ ವರ್ಲ್ಡಿನೊಳಗಿನ ಎಪ್ಕಾಟ್ ಪಾರ್ಕಿನ ನಾರ್ವೆ ವಿಭಾಗದಲ್ಲಿ 1988ರಿಂದ ಮೇಲ್‌ಸ್ಟ್ರಾಮ್ ಅನ್ನುವ ದೋಣಿ ರೈಡ್ ಇತ್ತು. ಅದರಲ್ಲೊಂದು ಚಮತ್ಕಾರ: ಮಧ್ಯದಲ್ಲಿ ದೋಣಿ ಹಿಮ್ಮುಖವಾಗಿ ಹೋಗುತ್ತಿತ್ತು. ಯಾಕೆ? ಟ್ರೋಲ್ ಅನ್ನುವ ಮೂರು ತಲೆಯ ರಾಕ್ಷಸ ಶಾಪ ಹಾಕಿತು ಅದಕ್ಕೆ. 2014ರ ಅಕ್ಟೋಬರಿನಲ್ಲಿ ಮುಚ್ಚಿ, 2016ರ ಜೂನ್ 21ರಂದು ಫ್ರೋಜನ್ ಅನ್ನುವ ಸಿನಿಮಾದ ಕಥೆಯೊಂದಿಗೆ ತೆರೆದರು. ದೋಣಿ ಈಗಲೂ ಹಿಮ್ಮುಖ ಹೋಗುತ್ತದೆ. ಯಾಕೆ? ಆ ಸಿನಿಮಾದ ರಾಣಿ ಎಲ್ಸಾ ತನ್ನ ಹಾಡಿನ ತಾರಕದಲ್ಲಿ ಕೈ ಬೀಸಿ ಮಂಜಿನ ಶಕ್ತಿಯಿಂದ ನಮ್ಮನ್ನು ಹಿಂದಕ್ಕೆ ತಳ್ಳುತ್ತಾಳೆ. ಎಷ್ಟು ಸರಿಯಾದ ಉತ್ತರ! ನಿಜವಾದ ದೇಶಗಳನ್ನು ತೋರಿಸುವ ಜಾಗಕ್ಕೆ ಕಲ್ಪನೆಯ ರಾಜ್ಯ ಯಾಕೆ ಅನ್ನುವ ಅಭಿಮಾನಿಗಳ ತಕರಾರಿಗೆ ತೂಕವಿದೆ, ಒಪ್ಪುತ್ತೇನೆ. ರೈಡಿನ ಮಟ್ಟಿಗೆ ಮಾತ್ರ ಅದು ಗೆದ್ದಿದೆ.

ಕ್ಯಾಲಿಫೋರ್ನಿಯಾದ ಟವರ್ ಆಫ್ ಟೆರರ್ ಇನ್ನೊಂದು. 183 ಅಡಿಯ ಕಟ್ಟಡ, ಹಳೆಯ ಹೋಟೆಲಿನ ಲಿಫ್ಟ್ ಕಳಚಿ ಬೀಳುತ್ತದೆ ಅನ್ನುವ ಕಥೆ. ಲಿಫ್ಟನ್ನು ಸುಮ್ಮನೆ ಕೈಬಿಡುವುದಿಲ್ಲ, ಮೋಟಾರು ಕೇಬಲ್ ಹಿಡಿದು ಕೆಳಕ್ಕೆ ಎಳೆಯುತ್ತದೆ. ಅದಕ್ಕೇ ಸೀಟಿನಿಂದ ಮೇಲೆ ಹಾರಿದ ಹಾಗಾಗುತ್ತದೆ. 2017ರ ಜನವರಿಯಲ್ಲಿ ಮುಚ್ಚಿ ಮೇ 27ಕ್ಕೆ ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ ಅನ್ನುವ ಸಿನಿಮಾದ ಕಥೆಯೊಂದಿಗೆ ತೆರೆದರು. ಐದು ತಿಂಗಳೂ ಬೇಕಾಗಲಿಲ್ಲ. ಟಿಯಾನಾಳಿಗೆ ಫ್ಲಾರಿಡಾದಲ್ಲಿ ಹದಿನೇಳು ತಿಂಗಳು ಹಿಡಿದದ್ದು ಯಾಕೆ ಅಂದರೆ ಅಲ್ಲಿ ದೋಣಿ ಹತ್ತು ನಿಮಿಷದಷ್ಟು ಹೊತ್ತು ಒಂದಾದ ಮೇಲೊಂದು ದೃಶ್ಯದ ಮುಂದೆ ಹಾದುಹೋಗುತ್ತದೆ, ಪ್ರತಿ ದೃಶ್ಯಕ್ಕೂ ಹೊಸ ಗೊಂಬೆ, ದೀಪ, ಧ್ವನಿ ಬೇಕು. ಇಲ್ಲಿ ಕೋಣೆ, ಪರದೆ, ಬೀಳುವ ಲೆಕ್ಕ ಬದಲಿಸಿದರೆ ಮುಗಿಯಿತು. ಆರು ಹಾಡು, ಹಾಡಿಗೊಂದರಂತೆ ಆರು ಬಗೆಯ ಏರಿಳಿತ. ಲಿಫ್ಟ್ ಯಾಕೆ ಬೀಳುತ್ತದೆ? ರಾಕೆಟ್ ಅನ್ನುವ ರಕೂನ್ ಕಟ್ಟಡದ ವಿದ್ಯುತ್ತನ್ನೇ ಕೆಡಿಸಿದ. ಚಿಕ್ಕ ಮಗುವಿಗೂ ಅರ್ಥವಾಗುತ್ತದೆ.

ಪೈರೇಟ್ಸ್ ಆಫ್ ದಿ ಕೆರಿಬಿಯನ್ ಬಗ್ಗೆ ಒಂದು ನಿಮಿಷ. 1967ರ ಆ ರೈಡಿಗೆ ಸಿನಿಮಾ ಇರಲಿಲ್ಲ, ರೈಡಿನಿಂದಲೇ 2003ರಲ್ಲಿ ಸಿನಿಮಾ ಬಂತು, 2006ರಲ್ಲಿ ಆ ಸಿನಿಮಾದ ಜ್ಯಾಕ್ ಸ್ಪ್ಯಾರೋ ಮತ್ತೆ ರೈಡಿನೊಳಗೆ ಬಂದ. ಡಿಸ್ನಿಲ್ಯಾಂಡಿನಲ್ಲಿ ಆ ದೋಣಿ ಶುರುವಿನಲ್ಲೇ ಎರಡು ಸಲ ಬೀಳುತ್ತದೆ, ಪಾರ್ಕಿನ ರೈಲುಹಳಿಯ ಕೆಳಗೆ ನುಸುಳಿ ಆಚೆಯ ಕಟ್ಟಡ ಸೇರಬೇಕು ಅಂತ. ಇಂಜಿನಿಯರಿನ ಆ ಕಾರಣವನ್ನು ಕಥೆಗಾರರು ಕಡಲ್ಗಳ್ಳರ ಶಾಪದ ಗುಹೆಗೆ ಇಳಿಯುವ ದಾರಿಯನ್ನಾಗಿ ಮಾಡಿಕೊಂಡರು. ಸಂಭಾಷಣೆ ಸರಿಯಾಗಿ ಕೇಳಿಸುವುದಿಲ್ಲ ಅಂತ ಬರೆದವರು ಚಿಂತಿಸಿದಾಗ, ಔತಣಕೂಟದಲ್ಲಿ ಅಲ್ಲೊಂದು ಮಾತು ಇಲ್ಲೊಂದು ಮಾತು ಕಿವಿಗೆ ಬೀಳುವ ಹಾಗೆ ಇರಲಿ ಬಿಡಿ ಅಂದಿದ್ದರು ವಾಲ್ಟ್ ಡಿಸ್ನಿ. ತೇಲುವ ದೋಣಿ ಯಾವ ಕ್ಷಣಕ್ಕೆ ಯಾವ ಗೊಂಬೆಯ ಮುಂದೆ ಇರುತ್ತದೋ ಹೇಳಲಾಗದು, ಹಾಗಾಗಿ ಎಲ್ಲಿಂದ ಕೇಳಿದರೂ ಅರ್ಥವಾಗಬೇಕು. ಸಿನಿಮಾದ ಉದ್ದುದ್ದ ಕಥೆ ರೈಡಿಗೆ ಒಗ್ಗದೆ ಇರುವುದು ಇದಕ್ಕೇ.

ಇನ್ನು ಒಂದೇ ಮಾತು. ಡಿಸ್ನಿಲ್ಯಾಂಡಿನ ಹಾಂಟೆಡ್ ಮ್ಯಾನ್ಷನ್ 1969ರದು. 2001ರಿಂದ ಹೆಚ್ಚುಕಡಿಮೆ ಪ್ರತಿವರ್ಷ ಬೇಸಿಗೆಯ ಕೊನೆಗೆ ಕೆಲವು ದಿನ ಮುಚ್ಚಿ, ಒಂದು ಸಿನಿಮಾದ ಅಸ್ಥಿಪಂಜರ ನಾಯಕ, ಹಬ್ಬದ ದೀಪಗಳು, ಹೊಸ ಸಂಗೀತ ಎಲ್ಲವನ್ನೂ ಒಳಗೆ ತುಂಬುತ್ತಾರೆ. ಹೊಸ ವರ್ಷ ಕಳೆದ ಮೇಲೆ ಎಲ್ಲವನ್ನೂ ಬಿಚ್ಚಿ, ಹಳೆಯ ದೆವ್ವಗಳನ್ನು ಮೊದಲಿನ ಜಾಗದಲ್ಲೇ ನಿಲ್ಲಿಸುತ್ತಾರೆ. ಎರಡನ್ನೂ ನೋಡಬೇಕೆಂದಿದ್ದರೆ ಟಿಕೆಟ್ ತೆಗೆಯುವ ಮೊದಲು ತಿಂಗಳು ನೋಡಿಕೊಳ್ಳಿ. ಬ್ರೇರ್ ರ‍್ಯಾಬಿಟ್ ಮೊಲವನ್ನು ನೋಡಬೇಕಾದವರು ಟೋಕಿಯೊಗೆ ಹೋಗಬೇಕು. 1992ರಲ್ಲಿ ತೆರೆದ ಅಲ್ಲಿನ ಸ್ಪ್ಲಾಶ್ ಮೌಂಟನ್ನನ್ನು ಬದಲಿಸಿಲ್ಲ. ಮುಂದಿನ ಸಾಲಿನಲ್ಲಿ ಕೂತರೆ ನೆನೆಯುತ್ತೀರಿ. ಏರುವಾಗ ತಲೆಯೆತ್ತಿ ರಣಹದ್ದುಗಳನ್ನು ನೋಡುವುದನ್ನು ಮರೆಯಬೇಡಿ.

ನಮಸ್ಕಾರ.