ಹಳೇ ಬ್ಯಾರಕ್‌ಗಳ ಒಳಗೆ ಏನು ನಡೀತಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರ್‌ನಲ್ಲಿ ಲಿಂಟನ್-ಆನ್-ಊಸ್ ಅಂತ ಒಂದು ಹಳ್ಳಿ ಇದೆ. ಸುಮಾರು 700 ಜನರ ಊರು. ಪಕ್ಕದಲ್ಲೇ ವಾಯುಪಡೆಯ ಹಳೇ ನೆಲೆ. ಬೇರೆ ದೇಶಗಳಿಂದ ಆಶ್ರಯ ಕೋರಿ ಬಂದ 1,500 ಗಂಡಸರನ್ನು ಅಲ್ಲಿ ಇರಿಸುತ್ತೇವೆ ಅಂತ 2022ರ ಏಪ್ರಿಲ್‌ನಲ್ಲಿ ಸರ್ಕಾರ ಪ್ರಕಟಿಸಿತು. ಊರಿನವರನ್ನು ಮೊದಲೇ ಕೇಳಿರಲಿಲ್ಲ. ತೀರ್ಮಾನ ಆಗಿಹೋಗಿತ್ತು, ಊರಿಗೆ ತಿಳಿಸಿದರು ಅಷ್ಟೆ. ಊರಿನ ಜನಕ್ಕಿಂತ ಎರಡು ಪಟ್ಟು ಜನ ಬಂದು ಸೇರುತ್ತಾರೆ ಅಂದರೆ ಪ್ರಶ್ನೆ ಏಳದೇ ಇರುತ್ತದಾ? ವೈದ್ಯರು ಎಲ್ಲಿಂದ ಬರುತ್ತಾರೆ, ಬಂದವರು ದಿನವಿಡೀ ಏನು ಮಾಡಬೇಕು, ಎಷ್ಟು ಕಾಲ ಇರುತ್ತಾರೆ? ಅದೇ ವರ್ಷ ಆಗಸ್ಟ್‌ನಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ನಾಲ್ಕು ತಿಂಗಳು ಊರಿಗೆ ಊರೇ ನಿದ್ದೆಗೆಟ್ಟದ್ದೇ ಬಂತು.

ಸೇನೆಯ ಹಳೇ ಕಟ್ಟಡಗಳು ಯಾಕೆ ಬೇಕಾದವು ಅಂತ ಮೊದಲು ಹೇಳಿಬಿಡುತ್ತೇನೆ. ಆಶ್ರಯ ಕೋರಿ ಬಂದವರು ಕೈಯಲ್ಲಿ ಕಾಸಿಲ್ಲದೆ ಬೀದಿಗೆ ಬೀಳುವ ಸ್ಥಿತಿಯಲ್ಲಿದ್ದರೆ, ಅರ್ಜಿ ತೀರ್ಮಾನ ಆಗುವ ತನಕ ತಲೆ ಮೇಲೊಂದು ಸೂರು ಕೊಡಬೇಕಿತ್ತು. ಬ್ರಿಟನ್ನಿನ 1999ರ ಕಾನೂನು ಇದಕ್ಕೆ ಅಧಿಕಾರ ಕೊಟ್ಟಿತು, 2005ರ ನಿಯಮ ಅದನ್ನು ಕಡ್ಡಾಯ ಮಾಡಿತು. ಅವರು ದುಡಿದು ತಿನ್ನೋಣ ಅಂದರೆ, ಸಾಮಾನ್ಯವಾಗಿ ಕೆಲಸ ಮಾಡಲು ಅನುಮತಿಯೂ ಇಲ್ಲ. ಅರ್ಜಿಗಳು ವರ್ಷಗಟ್ಟಲೆ ಕೊಳೆತವು. ಜನರನ್ನು ಹೋಟೆಲ್‌ಗಳಲ್ಲಿ ತುಂಬಿದರು. ಹೋಟೆಲ್ ಬಿಲ್ ನೋಡಿ ಜನ ಸಿಟ್ಟಾದರು. ಆಗ ಸರ್ಕಾರದ ಕಣ್ಣು ಖಾಲಿ ಬಿದ್ದ ಬ್ಯಾರಕ್‌ಗಳ ಮೇಲೆ ಬಿತ್ತು. ಕಡಿಮೆ ಖರ್ಚಿನಲ್ಲಿ ಆಗುತ್ತದೆ, ನಾವು ಬಿಗಿಯಾಗಿದ್ದೇವೆ ಅಂತ ತೋರಿಸಿದ ಹಾಗೂ ಆಗುತ್ತದೆ ಅನ್ನೋ ಲೆಕ್ಕ.

ಮೊದಲ ದೊಡ್ಡ ಪ್ರಯೋಗ ನಡೆದದ್ದು ಕೆಂಟ್ ಕೌಂಟಿಯ ಫೋಕ್‌ಸ್ಟನ್ ಹತ್ತಿರದ ನೇಪಿಯರ್ ಬ್ಯಾರಕ್ಸ್‌ನಲ್ಲಿ ಮತ್ತು ವೇಲ್ಸ್‌ನ ಪೆನಲಿ ಶಿಬಿರದಲ್ಲಿ. 2020ರ ಸೆಪ್ಟೆಂಬರ್. ಕೋವಿಡ್ ಕಾಲ, ನೆನಪಿರಲಿ. ಮನೆಯಲ್ಲೇ ಇರಿ, ಆರಡಿ ದೂರ ನಿಲ್ಲಿ ಅಂತ ಇಡೀ ದೇಶಕ್ಕೆ ಹೇಳುತ್ತಿದ್ದ ಕಾಲ. ಆದರೆ ನೇಪಿಯರ್‌ನ ಒಂದೊಂದು ಬ್ಲಾಕ್‌ನಲ್ಲಿ 28 ಜನರ ತನಕ ಮಲಗುತ್ತಿದ್ದರು. ಮಂಚ ಮಂಚಗಳ ನಡುವೆ ಮರೆ ಅಂದರೆ ನೇತುಹಾಕಿದ ಒಂದು ಬೆಡ್‌ಶೀಟು. ಸ್ನಾನ, ಶೌಚ ಎಲ್ಲ ಹಂಚಿಕೊಂಡೇ. 2021ರ ಜನವರಿಯಲ್ಲಿ ಸೋಂಕು ಹಬ್ಬಿತು. ಸುಮಾರು 200 ಜನರಿಗೆ ಪಾಸಿಟಿವ್ ಬಂತು. ತಿಂಗಳ ಕೊನೆಗೆ ಬೆಂಕಿಯೂ ಬಿತ್ತು.

ಕಟ್ಟಡ ಹಳೆಯದು, ಇಕ್ಕಟ್ಟು, ಅದು ಒಂದು ತಪ್ಪು. ನನಗೆ ಅದಕ್ಕಿಂತ ಜಾಸ್ತಿ ಸಿಟ್ಟು ತರಿಸುವುದು ಕಡತಗಳ ಕಥೆ.

ಆಗಿನ ಗೃಹ ಸಚಿವೆ ಪ್ರೀತಿ ಪಟೇಲ್ 2021ರ ಫೆಬ್ರವರಿಯಲ್ಲಿ ಸಂಸದೀಯ ಸಮಿತಿಯ ಮುಂದೆ ಕೂತು, ನಾವು ಸಾರ್ವಜನಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆಯೇ ನಡೆದಿದ್ದೇವೆ ಅಂದರು. ಆದರೆ ಹೀಗೆ ಸಾಲುಸಾಲಾಗಿ ಮಲಗಿಸುವ ಕೋಣೆಗಳು ಈ ಸೋಂಕಿನ ಕಾಲಕ್ಕೆ ಸರಿಯಲ್ಲ ಅಂತ ಅದೇ ಆರೋಗ್ಯ ಸಂಸ್ಥೆ ಶಿಬಿರ ಶುರುವಾಗುವ ಹೊತ್ತಿಗೇ ಹೇಳಿತ್ತು. ಅಗ್ನಿ ಸುರಕ್ಷತೆಯ ತಪಾಸಕರೂ ಬೆಂಕಿ ಬೀಳುವ ಮುಂಚೆಯೇ ಎಚ್ಚರಿಸಿದ್ದರು. ಈ ಕಾಗದಗಳನ್ನು ಸರ್ಕಾರ ತಾನಾಗಿ ಜನರ ಮುಂದೆ ಇಡಲಿಲ್ಲ. ಒಳಗಿದ್ದ ಆರು ಮಂದಿ ಹೈಕೋರ್ಟಿಗೆ ಹೋದರು, ಕೋರ್ಟು ಕೇಳಿತು, ಕಾಗದ ಬಂತು. 2021ರ ಜೂನ್ 3ರಂದು ನ್ಯಾಯಾಧೀಶ ಲಿಂಡೆನ್ ತೀರ್ಪು ಕೊಟ್ಟರು: ಅಲ್ಲಿದ್ದ ವಸತಿ ಕಾನೂನು ಕೇಳುವ ಕನಿಷ್ಠ ಮಟ್ಟಕ್ಕೂ ಇರಲಿಲ್ಲ.

ಒಳಗಿನ ಸ್ಥಿತಿ ಹೊರಗೆ ಗೊತ್ತಾದದ್ದು ಕೋರ್ಟಿನಿಂದ ಮಾತ್ರ ಅಲ್ಲ. ವಲಸೆ ಮತ್ತು ಜೈಲು ತಪಾಸಕರು ಆ ಫೆಬ್ರವರಿಯಲ್ಲಿ ಒಳಗೆ ಹೋಗಿ ನೋಡಿ ಬಂದರು. ಸ್ಥಳೀಯರ ಜೊತೆ ಮೊದಲೇ ಮಾತಾಡಿಲ್ಲ, ಎರಡು ವಾರವೂ ಸಮಯ ಕೊಡದೆ ಶಿಬಿರ ತೆರೆಸಿದ್ದಾರೆ ಅಂತ ಬರೆದರು. ತಮಗೇ ಅಪಾಯ ಮಾಡಿಕೊಳ್ಳಬಹುದಾದ ಜನರನ್ನು ಇರಿಸಿದ್ದ ಬ್ಲಾಕ್ ಮನುಷ್ಯರು ವಾಸಿಸುವಂಥದ್ದೇ ಅಲ್ಲ ಅಂದರು. ನೇಪಿಯರ್‌ನಲ್ಲಿ ಉತ್ತರ ಕೊಟ್ಟವರಲ್ಲಿ ಮೂವರಲ್ಲಿ ಒಬ್ಬರಿಗೆ ಸಾಯುವ ಯೋಚನೆ ಬಂದಿತ್ತಂತೆ. ಪೆನಲಿ ಮಾರ್ಚ್‌ನಲ್ಲೇ ಮುಚ್ಚಿತು. ನೇಪಿಯರ್ ಮಾತ್ರ ನಡೆಯಿತು. ಆ ಜಾಗವನ್ನು ವಸತಿಗೆ ಬಳಸಲು ಇದ್ದ ತುರ್ತು ಅನುಮತಿಯ ಒಂದು ವರ್ಷ ಮುಗಿಯುತ್ತಾ ಬಂದಾಗ, ಇನ್ನೂ ಐದು ವರ್ಷಕ್ಕೆ ವಿಶೇಷ ಆದೇಶ ಹೊರಡಿಸಿದರು. ಯಾವಾಗ ಗೊತ್ತಾ? ಆಗಸ್ಟ್ ಕೊನೆಯಲ್ಲಿ, ಸಂಸತ್ತಿಗೆ ರಜೆ ಇದ್ದಾಗ. ಆ ಆದೇಶ ಮಾಡುವಾಗ ಸಮಾನತೆಯ ಕರ್ತವ್ಯ, ಅಂದರೆ ತಾರತಮ್ಯ ಆಗದಂತೆ ನೋಡಿಕೊಳ್ಳುವ ಕಾನೂನಿನ ಹೊಣೆ, ಪಾಲಿಸಿಲ್ಲ ಅಂತ 2022ರಲ್ಲಿ ಮತ್ತೆ ಹೈಕೋರ್ಟ್ ಹೇಳಬೇಕಾಯಿತು.

ಇನ್ನೊಂದು ಪ್ರಸಂಗ ಹೇಳಲೇಬೇಕು. ಕೆಂಟ್‌ನಲ್ಲೇ ಮ್ಯಾನ್‌ಸ್ಟನ್ ಅಂತ ಇದೆ. ಅದೂ ವಾಯುಪಡೆಯ ಹಳೇ ಜಾಗ. ದೋಣಿಯಲ್ಲಿ ಬಂದವರ ಹೆಸರು, ವಿವರ ಬರೆದುಕೊಂಡು ಒಂದು ದಿನದಲ್ಲಿ ಮುಂದೆ ಕಳಿಸಬೇಕಾದ ಕೇಂದ್ರ. 1,600 ಜನರಿಗೆ ಅಂತ ಮಾಡಿದ್ದಲ್ಲಿ 2022ರ ಶರತ್ಕಾಲದಲ್ಲಿ ಸುಮಾರು 4,000 ಜನ ಸೇರಿದ್ದರು. ಪತ್ರಕರ್ತರಿಗೆ ಪ್ರವೇಶ ಇಲ್ಲ. ಒಂದು ದಿನ ಒಬ್ಬ ಚಿಕ್ಕ ಹುಡುಗಿ ಕಾವಲಿನವರನ್ನು ದಾಟಿ ಬೇಲಿಯ ತನಕ ಓಡಿಬಂದು ಒಂದು ಬಾಟಲಿ ಎಸೆದಳು. ಹೊರಗೆ ನಿಂತಿದ್ದ ಸುದ್ದಿಸಂಸ್ಥೆಯ ಛಾಯಾಗ್ರಾಹಕರ ಕಡೆಗೆ. ಬಾಟಲಿಯಲ್ಲಿ ಒಂದು ಚೀಟಿ. ಪತ್ರಕರ್ತರಿಗೆ, ಸಂಘಸಂಸ್ಥೆಗಳಿಗೆ, ಎಲ್ಲರಿಗೂ ಅಂತ ವಿಳಾಸ. ಹರುಕುಮುರುಕು ಇಂಗ್ಲಿಷ್‌ನಲ್ಲಿ, 50 ಕುಟುಂಬಗಳು ತಿಂಗಳಿಗೂ ಮೇಲೆ ಇಲ್ಲೇ ಇದ್ದೇವೆ, ಬಸುರಿಯರಿದ್ದಾರೆ, ಕಾಯಿಲೆಯವರಿದ್ದಾರೆ, ಜೈಲಿನಲ್ಲಿ ಇದ್ದ ಹಾಗಿದೆ ಅಂತ ಬರೆದಿತ್ತು. ಮಾಹಿತಿ ಹಕ್ಕಿನ ಕಾನೂನು, ಸಂಸದೀಯ ಸಮಿತಿ, ಸ್ವತಂತ್ರ ತಪಾಸಕರು ಎಲ್ಲ ಇರುವ ದೇಶ ಅದು. ಆದರೂ ಮಗು ಬಾಟಲಿ ಎಸೆಯಬೇಕಾಯಿತು.

ಈಗ ದುಡ್ಡಿನ ವಿಷಯ. 2023ರಲ್ಲಿ ಎಸೆಕ್ಸ್‌ನ ವೆದರ್ಸ್‌ಫೀಲ್ಡ್, ಲಿಂಕನ್‌ಶೈರ್‌ನ ಸ್ಕ್ಯಾಂಪ್ಟನ್ ಅನ್ನೋ ಎರಡು ವಾಯುನೆಲೆಗಳನ್ನು ಆರಿಸಿದರು. ಹೋಟೆಲ್‌ಗಿಂತ ಅಗ್ಗ ಅಂತ ಹೇಳಿದರು. ಸಿದ್ಧಪಡಿಸಲು ತಲಾ 50 ಲಕ್ಷ ಪೌಂಡ್ ಸಾಕು ಅಂತ ಅಂದಾಜು. 2024ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಲೆಕ್ಕ ಬಿಚ್ಚಿಟ್ಟಿತು. ವೆದರ್ಸ್‌ಫೀಲ್ಡ್‌ಗೆ 4 ಕೋಟಿ 90 ಲಕ್ಷ, ಸ್ಕ್ಯಾಂಪ್ಟನ್‌ಗೆ 2 ಕೋಟಿ 70 ಲಕ್ಷ ಪೌಂಡ್! ಇವೆರಡರ ಜೊತೆ ಪೋರ್ಟ್‌ಲೆಂಡ್‌ನ ತೇಲುವ ಹಡಗು, ಹಡರ್ಸ್‌ಫೀಲ್ಡ್‌ನ ವಿದ್ಯಾರ್ಥಿ ವಸತಿ ಸೇರಿಸಿದರೆ, ಹೋಟೆಲ್‌ನಲ್ಲಿ ಇರಿಸುವುದಕ್ಕಿಂತ ಒಟ್ಟು 4 ಕೋಟಿ 60 ಲಕ್ಷ ಪೌಂಡ್ ಜಾಸ್ತಿಯೇ ಆಗುತ್ತದೆ ಅಂತ ವರದಿ ಹೇಳಿತು. ಸ್ಕ್ಯಾಂಪ್ಟನ್ ಯೋಜನೆಯನ್ನು ಅದೇ ಸೆಪ್ಟೆಂಬರ್‌ನಲ್ಲಿ ಹೊಸ ಸರ್ಕಾರ ರದ್ದು ಮಾಡಿತು. ಆಶ್ರಯ ಕೋರಿದ ಒಬ್ಬನೇ ಒಬ್ಬ ಅಲ್ಲಿ ಒಂದು ರಾತ್ರಿ ಮಲಗಲಿಲ್ಲ. ಅಲ್ಲಿನ ಸ್ಥಳೀಯ ಕೌನ್ಸಿಲ್ ಅದೇ ಜಾಗಕ್ಕೆ 30 ಕೋಟಿ ಪೌಂಡ್‌ನ ಖಾಸಗಿ ಹೂಡಿಕೆ ಗೊತ್ತುಮಾಡಿಕೊಂಡಿತ್ತು. ಅದು ಅಷ್ಟು ದಿನ ನಡುನೀರಿನಲ್ಲಿ ನಿಂತಿತು.

ನಮ್ಮಲ್ಲಾದರೆ ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಅರ್ಜಿ ಹಾಕುತ್ತೇವೆ, ಅಲ್ವಾ? ಬ್ರಿಟನ್ನಿನಲ್ಲೂ ಅಂಥ ಕಾನೂನು ಇದೆ. ನಮ್ಮದೂ ಅವರದೂ ಜಾರಿಗೆ ಬಂದದ್ದು ಒಂದೇ ವರ್ಷ, 2005ರಲ್ಲಿ. ಅಲ್ಲಿ ಉತ್ತರಕ್ಕೆ 20 ಕೆಲಸದ ದಿನ. ಆದರೆ ಸಂದುಗೊಂದು ಬೇಕಾದಷ್ಟಿವೆ. ನೀತಿ ಇನ್ನೂ ರೂಪುಗೊಳ್ಳುತ್ತಿದೆ ಅನ್ನಬಹುದು, ವ್ಯಾಪಾರದ ಗುಟ್ಟು ಅನ್ನಬಹುದು. ಜೊತೆಗೆ ಈ ವಸತಿಯನ್ನು ನಡೆಸುವವರು ಖಾಸಗಿ ಗುತ್ತಿಗೆದಾರರು. ಈ ಕಾನೂನು ನೇರವಾಗಿ ಅವರಿಗೆ ತಗಲುವುದೇ ಇಲ್ಲ. ಇಲಾಖೆಯನ್ನು ಕೇಳಿದರೆ ಗುತ್ತಿಗೆದಾರರ ಕಡೆ ಕೈ ತೋರಿಸುವುದಕ್ಕೆ ದಾರಿ ಇದ್ದೇ ಇದೆ.

ಎಲ್ಲವನ್ನೂ ಬಹಿರಂಗ ಮಾಡಲಾಗದು ಅನ್ನೋ ಮಾತಿನಲ್ಲಿ ಏನೂ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. 2024ರ ಆಗಸ್ಟ್‌ನಲ್ಲಿ ರಾಥರ್‌ಹ್ಯಾಮ್ ಹತ್ತಿರ, ಆಶ್ರಯ ಕೋರಿದವರು ಒಳಗೆ ಇರುವಾಗಲೇ ಗುಂಪೊಂದು ಹೋಟೆಲ್‌ಗೆ ಬೆಂಕಿ ಇಡಲು ಹೋಯಿತು. ಹಾಗಿರುವಾಗ ಯಾವ ದಿನ, ಯಾವ ಬಸ್ಸಿನಲ್ಲಿ ಜನರನ್ನು ಕರೆತರುತ್ತೇವೆ ಅಂತ ಡಂಗುರ ಹೊಡೆಯಲಾಗುವುದಿಲ್ಲ. ಒಳಗಿರುವವರ ಹೆಸರು, ಅವರ ದೇಶದ ಕಥೆ ಗುಟ್ಟಾಗಿಯೇ ಇರಬೇಕು. ಎಷ್ಟೋ ಜನ ಚಿತ್ರಹಿಂಸೆ ತಪ್ಪಿಸಿಕೊಂಡು ಬಂದವರು. ಆದರೆ ಬೆಂಕಿ ಸುರಕ್ಷತೆಯ ವರದಿಯನ್ನೋ ಖರ್ಚಿನ ಅಂದಾಜನ್ನೋ ಬಚ್ಚಿಟ್ಟರೆ ಯಾರ ಜೀವ ಉಳಿಯುತ್ತದೆ? ಊರಿನವರಿಗೆ ಏನೂ ಹೇಳದೇ ಇದ್ದಾಗ ಆ ಖಾಲಿ ಜಾಗದಲ್ಲಿ ಗಾಳಿಸುದ್ದಿ ಬಂದು ಕೂರುತ್ತದೆ. ಅದರ ಏಟು ಬೀಳುವುದು ಸಚಿವರಿಗಲ್ಲ, ಗೇಟಿನ ಒಳಗಿರುವವರಿಗೆ.

2025ರ ಮಾರ್ಚ್‌ನಲ್ಲಿ ವೆದರ್ಸ್‌ಫೀಲ್ಡ್ ವಿಷಯದಲ್ಲೂ ಹೈಕೋರ್ಟ್ ತೀರ್ಪು ಬಂತು. ಅಲ್ಲಿ ಇರಿಸಿದ್ದ ಮೂವರ ವಿಷಯದಲ್ಲಿ ಗೃಹ ಇಲಾಖೆ ಕಾನೂನು ಮೀರಿದೆ ಅಂತ. ಅದೇ ಅಕ್ಟೋಬರ್‌ನಲ್ಲಿ ಇನ್ನೆರಡು ಜಾಗದ ಹೆಸರು ಬಂತು. ಸ್ಕಾಟ್ಲೆಂಡಿನ ಇನ್ವರ್ನೆಸ್‌ನ ಕ್ಯಾಮರನ್ ಬ್ಯಾರಕ್ಸ್, ಈಸ್ಟ್ ಸಸೆಕ್ಸ್‌ನ ಕ್ರೌಬರೋ ತರಬೇತಿ ಶಿಬಿರ. ಎರಡೂ ಸೇರಿ ಸುಮಾರು 900 ಗಂಡಸರಿಗೆ. ಕ್ರೌಬರೋದಲ್ಲಿ ಜನ ಬೀದಿಗಿಳಿದರು. ಸರ್ಕಾರ ಬದಲಾಗಿತ್ತು, ಕೆಲಸದ ರೀತಿ ಅಷ್ಟೇನೂ ಬದಲಾಗಿರಲಿಲ್ಲ.

ಈ ವಸತಿ ಗುತ್ತಿಗೆಗಳು 2029ರ ತನಕ ಇವೆ. ಹತ್ತು ವರ್ಷಕ್ಕೆ 450 ಕೋಟಿ ಪೌಂಡ್ ಅಂತ ಶುರುವಾದ ಅಂದಾಜು 2025ರ ಹೊತ್ತಿಗೆ 1,530 ಕೋಟಿ ಪೌಂಡ್ ಮುಟ್ಟಿತ್ತು. ಮೊದಲ ಬಸ್ಸು ಗೇಟಿನ ಒಳಗೆ ಹೋಗುವ ಮುಂಚೆ ಆರೋಗ್ಯ ಸಂಸ್ಥೆಯ ಸಲಹೆ, ಅಗ್ನಿ ತಪಾಸಕರ ವರದಿ, ಖರ್ಚಿನ ಲೆಕ್ಕ ಈ ಮೂರನ್ನು ಸ್ಥಳೀಯ ಕೌನ್ಸಿಲ್‌ಗೆ ಕೊಡಿ ಅಂತ ಕೇಳುವುದಕ್ಕೆ ಯಾರೂ ವಲಸೆಯ ಪರವೋ ವಿರೋಧವೋ ಆಗಬೇಕಿಲ್ಲ. ಆ ಕಾಗದಗಳು ಹೇಗೂ ಇಲಾಖೆಯಲ್ಲೇ ಇರುತ್ತವೆ.

ನಮಸ್ಕಾರ.