ಯಂತ್ರ ಹಿಡಿಯುವಾಗ ಮುಖದ ಮೇಲೆ ಏನಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಇಪ್ಪತ್ತೆರಡು ವರ್ಷದಿಂದ ನಾನು ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಮುಖಕ್ಕೆ ಹಚ್ಚುವ ಕ್ರೀಮು ಕೇಳಿಕೊಂಡು ದಿನವೂ ಜನ ಬರುತ್ತಾರೆ. ಆದರೆ ಇವತ್ತು ನಾನು ಹೇಳಹೊರಟಿರುವುದು ನಮ್ಮ ಮನೆಯಲ್ಲೇ ನಡೆದ ವಿಷಯ.

ಹೋದ ವರ್ಷ ನಮ್ಮ ಅಕ್ಕನ ಮಗಳಿಗೆ ಮದುವೆ ನಿಶ್ಚಯವಾಯಿತು. ಎರಡು ವಾರಕ್ಕೊಮ್ಮೆ ಪಾರ್ಲರಿಗೆ ಹೋಗಿ ಮೇಲ್ತುಟಿಯ ಕೂದಲಿಗೆ ಥ್ರೆಡಿಂಗ್ ಮಾಡಿಸಿ ಅವಳಿಗೆ ಸಾಕಾಗಿತ್ತು. ಆನ್‌ಲೈನಿನಲ್ಲಿ ಒಂದು ಐಪಿಎಲ್ ಯಂತ್ರ ತರಿಸಿದಳು. ಜೋರಾದ ಬೆಳಕನ್ನು ಕ್ಷಣಮಾತ್ರ ಮಿಂಚಿಸಿ, ಕೂದಲಿನ ಬೇರಿಗೆ ಬಿಸಿ ಮುಟ್ಟಿಸುವ ಯಂತ್ರ ಅದು. ಅದೇ ಸಮಯಕ್ಕೆ ಮೊಡವೆಗೆ ವೈದ್ಯರು ಬರೆದುಕೊಟ್ಟ ಟ್ರೆಟಿನಾಯಿನ್ ಕ್ರೀಮನ್ನೂ ರಾತ್ರಿ ಹಚ್ಚುತ್ತಿದ್ದಳು. ಒಂದು ಬೆಳಿಗ್ಗೆ ಎದ್ದವಳೇ ಯಂತ್ರವನ್ನು ತುಟಿಯ ಮೇಲಿಟ್ಟು ಒತ್ತಿದಳು. ಸಂಜೆಗೆ ಕೆಂಪಾಯಿತು. ನಾಲ್ಕು ದಿನಕ್ಕೆ ಕಂದು ಕಲೆ ಎದ್ದಿತು. ಯಂತ್ರದ ಗಾಜಿನ ಕಿಟಕಿ ಇತ್ತಲ್ಲ, ಅದೇ ಅಳತೆಯ ಚೌಕ. ಅದು ಮಾಸಲು ಏಳು ತಿಂಗಳು ಬೇಕಾಯಿತು.

ಆ ಟ್ಯೂಬು ನನ್ನ ಅಂಗಡಿಯದ್ದು. ಚೀಟಿ ನೋಡಿಯೇ ಕೊಟ್ಟಿದ್ದೆ. ಯಂತ್ರದ ವಿಷಯ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತಿನಿಂದ ಇದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. ಯಂತ್ರ ಮಾರುವವರು ಯಂತ್ರದ ಬಗ್ಗೆ ಹೇಳುತ್ತಾರೆ. ಕ್ರೀಮು ಕೊಡುವವರು ಕ್ರೀಮಿನ ಬಗ್ಗೆ ಹೇಳುತ್ತೇವೆ. ಎರಡೂ ಒಂದೇ ಮುಖದ ಮೇಲೆ ಸೇರುತ್ತವೆ ಅನ್ನುವುದನ್ನು ಹೇಳುವವರೇ ಇಲ್ಲ.

ಆಗಿದ್ದೇನು ಅಂತ ನೋಡೋಣ. ಐಪಿಎಲ್ ಬೆಳಕು ಹುಡುಕುವುದು ಕಪ್ಪು ಬಣ್ಣವನ್ನು, ಅಂದರೆ ಮೆಲನಿನ್ ಅನ್ನು. ಕೂದಲಿನಲ್ಲಿರುವ ಮೆಲನಿನ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಬಿಳಿ ಕೂದಲಿಗೆ ಈ ಯಂತ್ರ ಕೆಲಸ ಮಾಡದಿರುವುದಕ್ಕೆ ಕಾರಣ ಇದೇ. ಆದರೆ ಮೆಲನಿನ್ ನಮ್ಮ ಚರ್ಮದಲ್ಲೂ ಇದೆಯಲ್ಲ? ಅದೂ ಬೆಳಕನ್ನು ಹೀರುತ್ತದೆ. ಚರ್ಮದ ಬಣ್ಣ ಗಾಢವಾದಷ್ಟೂ ಸುಡುವ ಭಯ ಜಾಸ್ತಿ.

1975ರಲ್ಲಿ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಎಂಬ ಅಮೆರಿಕದ ಚರ್ಮವೈದ್ಯರು, ಬಿಸಿಲಿಗೆ ಚರ್ಮ ಹೇಗೆ ಕೆಂಪಾಗುತ್ತದೆ, ಹೇಗೆ ಕಪ್ಪಾಗುತ್ತದೆ ಎಂದು ನೋಡಿ ಗುಂಪು ಮಾಡಿದರು. ಮೊದಲು ಅದು ಬಿಳಿಯರಿಗಷ್ಟೇ ಇತ್ತು. ಕಂದು, ಕಪ್ಪು ಚರ್ಮದ ಗುಂಪುಗಳು ಆಮೇಲೆ ಸೇರಿ ಒಟ್ಟು 6 ಆದವು. 1 ಅಂದರೆ ತೀರಾ ಬಿಳಿ, 6 ಅಂದರೆ ತೀರಾ ಕಪ್ಪು. ನಮ್ಮಲ್ಲಿ ತುಂಬ ಜನ 4 ಮತ್ತು 5ನೇ ಗುಂಪಿನವರು. ಯಂತ್ರದ ಪೆಟ್ಟಿಗೆಯಲ್ಲಿ, ಯಾವ ಬಣ್ಣದ ಚರ್ಮಕ್ಕೆ ಯಂತ್ರ ಸರಿ, ಯಾವುದಕ್ಕೆ ಬೇಡ ಎಂದು ತೋರಿಸುವ ಬಣ್ಣದ ಪಟ್ಟಿ ಇರುವ ಒಂದು ಕಾಗದ ಇರುತ್ತದೆ. ಅದನ್ನು ಬಿಸಾಡಬೇಡಿ. ಹಗಲು ಬೆಳಕಿನಲ್ಲಿ ನಿಮ್ಮ ಚರ್ಮದ ಪಕ್ಕ ಹಿಡಿದು ನೋಡಿ. ಜಾತ್ರೆಗೋ ಪ್ರವಾಸಕ್ಕೋ ಹೋಗಿ ಬಿಸಿಲಿಗೆ ಕಪ್ಪಾಗಿ ಬಂದಿದ್ದರೆ ಆ ಬಣ್ಣ ಇಳಿಯುವವರೆಗೆ ಯಂತ್ರ ಮುಟ್ಟಬೇಡಿ.

ಇನ್ನು ಟ್ರೆಟಿನಾಯಿನ್, ರೆಟಿನಾಲ್. ಇವು ಚರ್ಮದ ಮೇಲ್ಪದರವನ್ನು ಸೂಕ್ಷ್ಮ ಮಾಡುತ್ತವೆ. ಗ್ಲೈಕಾಲಿಕ್, ಸ್ಯಾಲಿಸಿಲಿಕ್ ಆಸಿಡ್ ಇರುವ ಸೀರಮ್ಮುಗಳೂ ಅಷ್ಟೇ. ಅಂಥ ಚರ್ಮದ ಮೇಲೆ ಮಿಂಚು ಬಿದ್ದರೆ ಉರಿ, ಆಮೇಲೆ ಕಲೆ. ನಮ್ಮ ಚರ್ಮದ ಗುಣವೇ ಹಾಗೆ. ಸಣ್ಣ ಗಾಯ ಆದರೂ ಗುರುತು ಉಳಿಸಿಕೊಳ್ಳುತ್ತದೆ. ಸೊಳ್ಳೆ ಕಚ್ಚಿದ ಕಲೆ ಎಷ್ಟು ದಿನ ಇರುತ್ತದೆ, ನೋಡಿದ್ದೀರಲ್ವಾ? ಹಾಗಾಗಿ ಐಪಿಎಲ್ ಬಳಸುವವರು ಒಂದು ವಾರ ಮೊದಲೇ ಆ ಜಾಗಕ್ಕೆ ಇವುಗಳನ್ನು ಹಚ್ಚುವುದು ನಿಲ್ಲಿಸಿ. ವೈದ್ಯರು ಬರೆದುಕೊಟ್ಟ ಔಷಧಿಯಾದರೆ ನಿಲ್ಲಿಸುವ ಮೊದಲು ಅವರನ್ನೇ ಕೇಳಿ. ಮತ್ತೆ ಶುರು ಮಾಡುವುದು ಚರ್ಮ ಪೂರ್ತಿ ಶಾಂತವಾದ ಮೇಲೆ.

ಇನ್ನೊಂದು ಮಾತು. ವ್ಯಾಕ್ಸಿಂಗ್, ಥ್ರೆಡಿಂಗ್ ಮಾಡಿಸಿದ ತಕ್ಷಣ ಈ ಯಂತ್ರ ಹಿಡಿದರೆ ಪ್ರಯೋಜನವಿಲ್ಲ. ಕೂದಲಿನ ಬೇರೇ ಕಿತ್ತು ಬಂದಿದ್ದರೆ ಬೆಳಕು ಹಿಡಿಯುವುದು ಯಾವುದನ್ನು? ರೇಜರಿನಿಂದ ತೆಗೆದು, ತೊಳೆದು, ಒರೆಸಿ, ಒಣಗಿದ ಮೇಲೆ ಹಿಡಿಯಬೇಕು. ಪಿಸಿಓಡಿ ಎಂಬ ಹಾರ್ಮೋನಿನ ತೊಂದರೆ ಇರುವ ಹೆಣ್ಣುಮಕ್ಕಳು ಗದ್ದದ ಕೂದಲಿಗೆ ಬಳಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಕೆಲವರಿಗೆ ಈ ಬೆಳಕಿನಿಂದ ಮುಖದಲ್ಲಿ ಕೂದಲು ಕಡಿಮೆಯಾಗುವ ಬದಲು ಹೆಚ್ಚಾಗಿದ್ದೂ ಉಂಟು.

ಈಗ ಎಲ್‌ಇಡಿ ಮಾಸ್ಕಿನ ವಿಷಯ. ಮುಖವಾಡದ ಥರ ಕಟ್ಟಿಕೊಳ್ಳುತ್ತಾರಲ್ಲ, ಕೆಂಪು, ನೀಲಿ ದೀಪ ಇರುವುದು. ಇದು ಐಪಿಎಲ್‌ಗಿಂತ ತುಂಬ ಮೆದು. ಅಲೆಯ ಉದ್ದ ಸುಮಾರು 630 ನ್ಯಾನೋಮೀಟರ್ ಇರುವ ಕೆಂಪು ಬೆಳಕು ಚರ್ಮದ ಆಳಕ್ಕೆ ಇಳಿಯುತ್ತದೆ. ಸುಮಾರು 415ರ ನೀಲಿ ಬೆಳಕು ಮೊಡವೆಯ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುತ್ತದೆ. ಇದಕ್ಕೆ ಮುಖ ಬರಿದಾಗಿರಬೇಕು. ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಹಚ್ಚಿ ಕೂತರೆ ಅದು ಬೆಳಕನ್ನು ಚದುರಿಸುತ್ತದೆ. ಅರಿಶಿನ, ಕಡಲೆಹಿಟ್ಟು, ಫೌಂಡೇಶನ್ ಎಲ್ಲ ತೊಳೆದು ಕೂರಿ. ಸೀರಮ್ಮು, ಮಾಯಿಶ್ಚರೈಸರ್ ಏನಿದ್ದರೂ ದೀಪ ಆರಿದ ಮೇಲೆ.

ಮುಖದಲ್ಲಿ ಬಂಗು ಇರುವವರಿಗೆ ನನ್ನದೊಂದು ಕಳಕಳಿಯ ಮಾತು. ನೀಲಿ ಬೆಳಕು ಕಂದು ಚರ್ಮವನ್ನು ಇನ್ನಷ್ಟು ಕಪ್ಪಾಗಿಸಬಹುದು. ಬಿಸಿಯಿಂದಲೂ ಬಂಗು ಕೆರಳುತ್ತದೆ. ಬಂಗು ಹೋಗಲಿ ಅಂತ ಮಾಸ್ಕ್ ಕೊಂಡು, ಬಂಗು ಹೆಚ್ಚು ಮಾಡಿಕೊಂಡು ಬಂದವರನ್ನು ನಾನು ಅಂಗಡಿಯಲ್ಲಿ ನೋಡಿದ್ದೇನೆ. ಕಣ್ಣಿನ ಬಗ್ಗೆಯೂ ಜಾಗ್ರತೆ ಬೇಕು. 2019ರಲ್ಲಿ ಹೆಸರಾಂತ ಕಂಪನಿಯೊಂದು ತನ್ನ ಮೊಡವೆ ಮಾಸ್ಕನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ಕೆಲವು ಕಣ್ಣಿನ ಕಾಯಿಲೆ ಇರುವವರಿಗೆ ಮತ್ತು ಬೆಳಕಿಗೆ ಚರ್ಮ ಕೆರಳುವಂಥ ಔಷಧಿ ತೆಗೆದುಕೊಳ್ಳುವವರಿಗೆ ತೊಂದರೆ ಆದೀತು ಎಂದು. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಅಂಥದ್ದೇ ಔಷಧಿ. ಮಾತ್ರೆ ನುಂಗುತ್ತಿದ್ದರೆ ಮಾಸ್ಕ್ ಕಟ್ಟುವ ಮೊದಲು ಕೇಳಿ.

ಸಣ್ಣ ಕರೆಂಟು ಹರಿಸುವ ಮೈಕ್ರೋಕರೆಂಟ್ ಯಂತ್ರಕ್ಕೆ ನೀರಿನಂಶದ ಜೆಲ್ ಬೇಕು. ಕೊಬ್ಬರಿ ಎಣ್ಣೆ ಹಚ್ಚಿದರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಹಾಗಂತ ಆಸಿಡ್ ಸೀರಮ್ ಹಚ್ಚಿ ಉಜ್ಜಿದರೆ ಚುರುಚುರು ಉರಿಯುತ್ತದೆ. ಪೇಸ್‌ಮೇಕರ್ ಇರುವವರು, ಫಿಟ್ಸ್ ಬರುವವರು, ಗರ್ಭಿಣಿಯರು ಇದನ್ನು ಬಳಸಬಾರದು.

ಸೂಜಿ ಚುಚ್ಚುವ ಡರ್ಮಾ ಪೆನ್ನನ್ನಂತೂ ಮನೆಯಲ್ಲಿ ಬೇಡವೇ ಬೇಡ ಅನ್ನುತ್ತೇನೆ. ಸೀರಮ್ಮುಗಳನ್ನು ತಯಾರಿಸುವುದು ಚರ್ಮದ ಮೇಲೆ ಹಚ್ಚುವುದಕ್ಕೆ. ತೂತು ಮಾಡಿ ಒಳಗೆ ಕಳಿಸುವುದಕ್ಕಲ್ಲ. 2014ರಲ್ಲಿ ಅಮೆರಿಕದ ಚರ್ಮವೈದ್ಯರು ಮೂವರು ಮಹಿಳೆಯರ ಬಗ್ಗೆ ಬರೆದರು. ಸೂಜಿ ಚಿಕಿತ್ಸೆಯ ಜೊತೆ ಹಚ್ಚಿದ ಪದಾರ್ಥದಿಂದ ಅವರ ಮುಖದಲ್ಲಿ ಗಂಟುಗಂಟು ಎದ್ದಿತ್ತು. ಇಬ್ಬರಿಗೆ ಹಚ್ಚಿದ್ದು ವಿಟಮಿನ್ ಸಿ ಸೀರಮ್.

ಕೊನೆಯದಾಗಿ, ನನ್ನ ಕೆಲಸಕ್ಕೆ ಸೇರಿದ ವಿಷಯ. "ಬೆಳ್ಳಗಾಗೋ ಕ್ರೀಮು ಕೊಡಿ ಅಣ್ಣಾ" ಅಂತ ಬಂದು, ಹಳೇ ಟ್ಯೂಬಿನ ಖಾಲಿ ಡಬ್ಬಿ ತೋರಿಸುತ್ತಾರೆ. ಓದಿದರೆ ಅದರಲ್ಲಿ ಮೂರು ಔಷಧಿ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೆಯದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರುವ ಹಾಗಿಲ್ಲ ಎಂದು ನಿಯಮ ತಂದಿತು. ಆದರೂ ಗೆಳತಿ ಕೊಟ್ಟಳು, ಚಿಕ್ಕಮ್ಮ ಹೇಳಿದರು ಅಂತ ಹಚ್ಚುತ್ತಲೇ ಇದ್ದಾರೆ. ಅದರಲ್ಲಿ ಔಷಧಿ ಇದೆ ಎಂದೇ ಗೊತ್ತಿರುವುದಿಲ್ಲ. ಆ ತೆಳ್ಳಗಾದ ಚರ್ಮದ ಮೇಲೆ ಯಾವ ಯಂತ್ರ ಇಟ್ಟರೂ ಅಪಾಯವೇ. ಈ ಕ್ರೀಮನ್ನು ಒಮ್ಮೆಲೇ ನಿಲ್ಲಿಸಿದರೂ ಮುಖ ಕೆರಳುತ್ತದೆ. ಅದಕ್ಕೇ ಚರ್ಮವೈದ್ಯರ ಹತ್ತಿರ ಹೋಗಿ ನಿಧಾನವಾಗಿ ಬಿಡಬೇಕು.

ಈಗ ಯಾರಾದರೂ ಮುಖದ ಕ್ರೀಮು ಕೇಳಿದರೆ, "ಮನೆಯಲ್ಲಿ ಮುಖಕ್ಕೆ ಯಾವುದಾದರೂ ಮೆಷಿನ್ ಬಳಸ್ತೀರಾ?" ಎಂದು ಕೇಳಿಯೇ ಕೊಡುತ್ತೇನೆ. ಹೌದು ಅಂದರೆ ಅದರ ಜೊತೆ ಬಂದ ಕಾಗದ ತನ್ನಿ ಅನ್ನುತ್ತೇನೆ. ಸುಮಾರು ಜನ ಹುಡುಕಿ ತರುತ್ತಾರೆ. ಕೌಂಟರಿನ ಮೇಲೆ ಟ್ಯೂಬು ಮತ್ತು ಕಾಗದ ಪಕ್ಕಪಕ್ಕ ಇಟ್ಟು ಓದುತ್ತೇವೆ.

ಅಕ್ಕನ ಮಗಳು ಹೋದ ಭಾನುವಾರ ಆ ಯಂತ್ರವನ್ನು ಮತ್ತೆ ಹೊರಗೆ ತೆಗೆದಳಂತೆ. ಮುಖಕ್ಕಲ್ಲ, ಕಾಲಿಗೆ. ಕ್ರೀಮು ಹಚ್ಚದ ಚರ್ಮ, ಎಲ್ಲಕ್ಕಿಂತ ಕಡಿಮೆ ಮಟ್ಟದ ಬೆಳಕು, ಒಂದೇ ಒಂದು ಸಲ ಒತ್ತಿ ನಿಲ್ಲಿಸಿದಳಂತೆ. ಮಾರನೇ ದಿನ ಫೋನ್ ಮಾಡಿ, "ಮಾಮಾ, ಏನೂ ಆಗಿಲ್ಲ" ಅಂದಳು.

ನಮಸ್ಕಾರ.